ಇಪ್ಪತ್ತೇಳು ಗುಂಜಿ

ಘೋಡಗೇರಿಯ ಮುದಿ ಪತ್ತಾರನ ಮನೆಯಲ್ಲಿ ಒಂದು ಚಿಕ್ಕ ಮರದ ಪೆಟ್ಟಿಗೆಯಿರುವದು. ಅದರೊಳಗೆ ದಾರದಿಂದ ಎತ್ತುವ ಸಣ್ಣ ತ್ರಾಸು, ಹಿತ್ತಾಳೆಯ ತೂಕಗಳು, ಒಂದೇ ಗಾತ್ರದವೆಂದು ಆರಿಸಿಟ್ಟ ಗುಲಗಂಜಿಗಳು. ಎಂಟು ಗುಂಜಿಗೆ ಒಂದು ಮಾಸಿ, ಹನ್ನೆರಡು ಮಾಸಿಗೆ ಒಂದು ತೊಲೆ; ಇದು ಅವನಿಗೆ ತಂದೆಯು ಕಲಿಸಿದ ಕೋಷ್ಟಕ. ಮನುವಾದರೋ ಐದೇ ಗುಂಜಿಗೆ ಒಂದು ಮಾಷವೆಂದನು. ಆ ಗುಂಜಿಯನ್ನೂ ಅವನು ಮೂರು ಜವೆಗೋದಿಗೆ ಸರಿಗಟ್ಟಿದರೆ, ಭಾಸ್ಕರಾಚಾರ್ಯನು ಲೀಲಾವತಿಯಲ್ಲಿ ಎರಡಕ್ಕೇ ಸರಿಗಟ್ಟಿರುವನು. ಶಾಸ್ತ್ರಕಾರರಲ್ಲಿಯೇ ಒಮ್ಮತವಿಲ್ಲದ ಮೇಲೆ ಪತ್ತಾರರನ್ನು ಜರೆಯುವದೇಕೆ?

ಆಫ್ರಿಕಾ ಖಂಡದ ಘಾನಾ ದೇಶದಲ್ಲಿ ಅಕಾನ್ ಜನರು ಚಿನ್ನದ ಪುಡಿಯನ್ನೇ ನಾಣ್ಯವಾಗಿ ಬಳಸುತ್ತಿದ್ದ ಕಾಲದಲ್ಲಿ, ಇದೇ ಕೆಂಪು-ಕಪ್ಪು ಬೀಜವು ಅವರ ಕಿರುತೂಕಗಳಲ್ಲೊಂದಾಗಿತ್ತು. ಅವರು ಮೇಣದ ಅಚ್ಚಿನಿಂದ ಹಕ್ಕಿ, ಮೀನುಗಳ ರೂಪದಲ್ಲಿ ಹಿತ್ತಾಳೆಯ ತೂಕಗಳನ್ನು ಎರೆಯುತ್ತಿದ್ದರು. ಘೋಡಗೇರಿಯ ತೂಕಗಳಿಗೆ ಅಂಥ ಚೆಲುವಿಲ್ಲ.

೧೯೫೬ರ ಕಾಯದೆಯಿಂದ ಗ್ರಾಮುಗಳು ಬಂದವು. ೧೯೬೩ರ ಜನವರಿಯಲ್ಲಿ ಸುವರ್ಣ ನಿಯಂತ್ರಣವು ಬಂದು, ಹದಿನಾಲ್ಕು ಕ್ಯಾರೆಟ್ಟಿಗಿಂತ ಶುದ್ಧವಾದ ಹೊಸ ಒಡವೆಗಳನ್ನು ಮಾಡಕೂಡದೆಂದಾಯಿತು. ಪತ್ತಾರನ ತಂದೆಯು ಅಗ್ಗಿಷ್ಟಿಕೆಯನ್ನು ನಂದಿಸಿ ಪರರ ಹೊಲಕ್ಕೆ ಕೂಲಿಗೆ ಹೋದನು. ಪೆಟ್ಟಿಗೆಯನ್ನು ಮಾತ್ರ ಮಾರಲಿಲ್ಲ.

ಕೆಲವು ತಿಂಗಳ ಹಿಂದೆ ಅಣ್ಣತಂಗಿಯರಿಬ್ಬರು ಅವನಲ್ಲಿಗೆ ಬಂದರು. ಕೊಳವೆಬಾವಿಗೆಂದು ಅಣ್ಣನು ತಂಗಿಯಿಂದ ತಾಯಿಯ ಎರಡು ತೊಲೆಯ ಬೋರಮಾಳವನ್ನು ಒಯ್ದು ಮಾರಿದ್ದನು. ಈಗ ಹೊಸದನ್ನು ತಂದಿದ್ದನು. ಅದರ ತೂಕ ಇಪ್ಪತ್ತು ಗ್ರಾಮು.

“ಕಾಕಾ, ಎರಡ ತೊಲಿ ಅಂದ್ರ ಇಪ್ಪತ್ತ ಗ್ರಾಮ. ಎಲ್ಲಾ ಅಂಗಡ್ಯಾಗೂ ಹಂಗ ಐತಿ.”

“ಅಂಗಡ್ಯಾಗ ಹಂಗ ಇರಲಿ ತಮ್ಮಾ. ನೀ ಒಯ್ದದ್ದು ನಮ್ಮಪ್ಪ ತೂಗಿ ಕೊಟ್ಟ ತೊಲಿ.”

ಹಳೆಯ ತೊಲೆಯು ಹನ್ನೊಂದೂವರೆ ಗ್ರಾಮಿಗಿಂತ ತುಸು ಹೆಚ್ಚು, ಹತ್ತಲ್ಲ. ಪತ್ತಾರನು ಒಂದು ತಟ್ಟೆಯಲ್ಲಿ ಎರಡು ತೊಲೆಯ ತೂಕವನ್ನೂ ಇನ್ನೊಂದರಲ್ಲಿ ಹೊಸ ಬೋರಮಾಳವನ್ನೂ ಇಟ್ಟನು. ತೂಕದ ತಟ್ಟೆಯು ಕೆಳಗಿಳಿಯಿತು. ಬೋರಮಾಳದ ಮೇಲೆ ಒಂದೊಂದೇ ಗುಲಗಂಜಿಯನ್ನು ಹಾಕುತ್ತ ಹೋದನು. ಇಪ್ಪತ್ತೇಳನೆಯದಕ್ಕೆ ಮುಳ್ಳು ನೆಟ್ಟಗೆ ನಿಂತಿತು. ಇಂಥ ತೂಕಗಳಿಂದ ಇಂದು ವ್ಯಾಪಾರ ಮಾಡುವದು ಕಾಯದೆಗೆ ವಿರುದ್ಧ. ಅಣ್ಣತಂಗಿಯರ ಲೆಕ್ಕ ತೀರಿಸಬಾರದೆಂದು ಮಾತ್ರ ಯಾವ ಕಾಯದೆಯೂ ಹೇಳಿದಂತಿಲ್ಲ.

“ನೀನ ಎಣಿಸು,” ಎಂದು ಪತ್ತಾರನು ತಟ್ಟೆಯನ್ನು ಅಣ್ಣನ ಮುಂದೆ ಹಿಡಿದನು. ಅವನು ಎರಡು ಸಲ ಎಣಿಸಿದನು. “ಇರಲಿ ಬಿಡು ಕಾಕಾ, ತಿಳೀದ ಆಗೇತಿ,” ಎಂದಳು ತಂಗಿ. ಪತ್ತಾರನು ಬಿಡಲಿಲ್ಲ. “ಇಪ್ಪತ್ತೇಳು ಗುಂಜಿ ಬಾಕಿ” ಎಂದು ಚೀಟಿಯಲ್ಲಿ ಬರೆದು, ಅಣ್ಣನ ಸಹಿ ಹಾಕಿಸಿ ಅವಳತ್ತ ಚಾಚಿದನು.

ಅವಳು ಅದನ್ನು ಒಯ್ಯಲಿಲ್ಲ. ಚೀಟಿಯು ಇನ್ನೂ ಆ ಪೆಟ್ಟಿಗೆಯಲ್ಲಿ, ಗುಲಗಂಜಿಗಳ ಕೆಳಗೆ ಇರುವದು.