ಸ್ಪ್ರಿಂಗ್ ಇಲ್ಲದ ಕೀಲಿ

ವಾಡಿ ಜಂಕ್ಷನ್ನಿನಿಂದ ಹೊರಬಿದ್ದು ಬಜಾರದ ಕಡೆ ನಾಲ್ಕು ಹೆಜ್ಜೆ ಹಾಕಿದರೆ ತಗಡಿನ ನೆರಳಿನಲ್ಲಿ ಬೀಗ ರಿಪೇರಿಯ ಉಸ್ತಾದರು ಕೂತಿರುತ್ತಾರೆ. ಹನ್ನೊಂದು ಗಂಟೆಗೇ ಬಿಸಿಲು ನೆತ್ತಿ ಸುಡುತ್ತಿದೆ. ಅವರು ತಮ್ಮ ಪಕ್ಕದ ಎಣ್ಣೆ ಡಬ್ಬ ಬೋರಲು ಹಾಕಿ ನಿಮಗೆ ಕೂರಲು ಕೊಡುತ್ತಾರೆ. ಮುಂದೆ ಹಾಸಿದ್ದು ಒಂದು ಶಹಾಬಾದ್ ಫರಸಿ. ಅದೇ ಅವರ ಮೇಜು. ಆ ಬೂದು ಕಲ್ಲಿನ ಮೇಲೆ ಸಾಸಿವೆಯಷ್ಟು ಹಿತ್ತಾಳೆ ಬಿದ್ದರೂ ಕಣ್ಣಿಗೆ ಹೊಡೆಯುತ್ತದೆ.

ನಮ್ಮ ಕಡೆ ಬೀಗಕ್ಕೆ ಕೀಲಿ ಅನ್ನುತ್ತಾರೆ, ತೆರೆಯುವುದಕ್ಕೆ ಚಾವಿ. ಚಿಂಚೋಳಿ ಕಡೆಯ ಮುತ್ಯಾ ಒಬ್ಬರು ಎರಡು ಬಸ್ಸು ಬದಲಿಸಿ, ಸೇಡಂ ದಾಟಿ ಬಂದಿದ್ದಾರೆ. ಕೈಯಲ್ಲಿ ಡಾಲ್ಡಾ ಡಬ್ಬಿ. ಕೀಲಿ ಜಾಮಾಯಿತೆಂದು ಮನೆಯ ಹುಡುಗ ಹಿಂಬದಿ ಬಿಚ್ಚಿದ್ದಾನೆ, ಮತ್ತೆ ಕೂಡಿಸಲು ಬಂದಿಲ್ಲ.

“ಗೋದ್ರೇಜ್ ಕೀಲಿ ಅದರಿ ಉಸ್ತಾದ್, ನಮ್ಮಪ್ಪ ಇದ್ದಾಗಿಂದ ಅದ.”

ಉಸ್ತಾದರು ಹೌದೆನ್ನುವುದಿಲ್ಲ, ಅಲ್ಲವೆನ್ನುವುದಿಲ್ಲ. ಡಬ್ಬಿಯನ್ನು ಫರಸಿಯ ಮೇಲೆ ಮೆಲ್ಲಗೆ ಸುರುವುತ್ತಾರೆ. ಹೆಸರು ಕೊರೆದ ಜಾಗ ಸವೆದು ನುಣ್ಣಗಾಗಿದೆ. ಇನ್ನು ಒಳಗಿನ ತುಣುಕುಗಳೇ ಮಾತಾಡಬೇಕು.

“ಸ್ಪ್ರಿಂಗ್ ಎಲ್ಯಾವ ಮುತ್ಯಾ?”

“ಇದ್ದಿದ್ದೆಲ್ಲ ಡಬ್ಬ್ಯಾಗ ಹಾಕೀನಿ. ಒಂದೂ ಬಿಟ್ಟಿಲ್ಲ.”

ನೀವೂ ಬಗ್ಗಿ ನೋಡುತ್ತೀರಿ. ಕೊಂಡಿಯನ್ನು ಚಿಮ್ಮಿಸುವ ದಪ್ಪ ಸ್ಪ್ರಿಂಗ್ ಒಂದು ಬಿಟ್ಟರೆ ಬೇರೊಂದಿಲ್ಲ. ಉಸ್ತಾದರ ಹುಬ್ಬು ಮೇಲೇರುತ್ತದೆ. ನೀವು ಗಮನಿಸಬೇಕಾದ ಕ್ಷಣ ಇದೇ. ಮನೆಬಾಗಿಲಿನ ಸಾಮಾನ್ಯ ಪಿನ್ ಕೀಲಿಯಲ್ಲಿ, ಅಂದರೆ 1861ರಲ್ಲಿ ಲೈನಸ್ ಯೇಲ್ ರೂಢಿಗೆ ತಂದ ಬಗೆಯಲ್ಲಿ, ಪ್ರತಿ ಪಿನ್ನಿನ ಬೆನ್ನಿಗೂ ಕೂದಲೆಳೆಯಂಥ ಸ್ಪ್ರಿಂಗ್ ಇರಬೇಕು. ಗೋದ್ರೇಜಿನ ಹಳೆಯ ನವ್‌ತಾಲ್ ಲೀವರ್ ಜಾತಿಯದು. ಅದರಲ್ಲಿ ಚಪ್ಪಟೆ ಪಟ್ಟಿಗಳು ಒಂದರ ಮೇಲೊಂದು ಕೂತು, ಪ್ರತಿ ಪಟ್ಟಿಯನ್ನೂ ಒಂದು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. ಇಲ್ಲಿ ಪಿನ್ನೂ ಇಲ್ಲ, ಪಟ್ಟಿಯೂ ಇಲ್ಲ. ಬರೀ ದುಂಡು ಬಿಲ್ಲೆಗಳು.

ಒಂದು ಬಿಲ್ಲೆಯನ್ನು ಚಿಮಟದಲ್ಲಿ ಹಿಡಿದು ನಿಮ್ಮ ಅಂಗೈಗೆ ಹಾಕುತ್ತಾರೆ. ಅಂಗಿಯ ಗುಂಡಿಗಿಂತ ತುಸು ಚಿಕ್ಕದು. ನಡುವೆ ತೂತು, ಆದರೆ ಪೂರ್ತಿ ಗುಂಡಲ್ಲ, ಅರ್ಧಚಂದ್ರ. ಅಂಚಿನಲ್ಲಿ ಒಂದು ಕಚ್ಚು. ಇನ್ನೊಂದನ್ನು ಪಕ್ಕಕ್ಕಿಟ್ಟಾಗ ತೂತು ಅದೇ, ಕಚ್ಚಿನ ಜಾಗ ಮಾತ್ರ ಬೇರೆ. ಮೂರನೆಯದರಲ್ಲಿ ಮತ್ತೆ ಬೇರೆ. ಮುತ್ಯಾ ಸೊಂಟದಿಂದ ಚಾವಿ ತೆಗೆಯುತ್ತಾರೆ. ಅದರ ಕಡ್ಡಿಯೂ ಅರ್ಧ ಗುಂಡು. ಹಲ್ಲುಗಳ ಬದಲು ಓರೆಯಾಗಿ ಕೆತ್ತಿದ ಗಾಯಗಳಿವೆ.

“ತಿಳೀತು. ಇದು ಬಿಲ್ಲೆ ಕೀಲಿ.”

ತುಣುಕುಗಳ ರಾಶಿಯಲ್ಲಿ ಬೆಂಕಿಕಡ್ಡಿಯಷ್ಟು ಸಣ್ಣ ಉಕ್ಕಿನ ಸಲಾಕೆ ಹುಡುಕುತ್ತಾರೆ. ಸಿಕ್ಕಿತು. ಗುಟ್ಟೆಲ್ಲ ಅದರಲ್ಲಿದೆ. ಸರಿಯಾದ ಚಾವಿ ತಿರುಗಿದಾಗ ಬಿಲ್ಲೆಗಳ ಕಚ್ಚುಗಳೆಲ್ಲ ಒಂದೇ ಗೆರೆಗೆ ಬಂದು ಒಂದು ಕಾಲುವೆಯಾಗುತ್ತದೆ. ಈ ಸಲಾಕೆ ಅದರೊಳಗೆ ಇಳಿಯುತ್ತದೆ, ಆಗಲೇ ನಡುವಿನ ಕೊಳವೆ ತಿರುಗುತ್ತದೆ. ಒಂದು ಬಿಲ್ಲೆ ಹಟ ಹಿಡಿದರೂ ಸಲಾಕೆ ಇಳಿಯದು.

ಈ ವಿದ್ಯೆ ಹುಟ್ಟಿದ್ದು ಹಿಮದ ನಾಡಿನಲ್ಲಿ. 1907ರಲ್ಲಿ ಫಿನ್‌ಲೆಂಡಿನ ಎಮಿಲ್ ಹೆನ್ರಿಕ್ಸನ್‌ಗೆ ಹೊಳೆದದ್ದು, ಗಲ್ಲಾ ಯಂತ್ರದೊಳಗೆ ತಿರುಗುವ ಬಿಲ್ಲೆಗಳನ್ನು ನೋಡಿ. ಮುಂದೆ ಅಬ್ಲಾಯ್ ಎಂಬ ಹೆಸರಿನಲ್ಲಿ ಜಗತ್ತೆಲ್ಲ ಸುತ್ತಿತು. ಚಳಿಯಲ್ಲಿ ಹುಟ್ಟಿದ್ದು ನಮ್ಮ ಧೂಳಿಗೂ ಒಗ್ಗುತ್ತದೆ ಎಂಬುದು ನನ್ನ ನಂಬಿಕೆ. ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ ಎಲ್ಲೇ ಹೋಗಿ, ಸುಣ್ಣಕಲ್ಲಿನ ಪುಡಿ ಗಾಳಿಯಲ್ಲೇ ಇದೆ. ಪಿನ್ ಕೀಲಿಗೆ ಎಣ್ಣೆ ಬಿಟ್ಟರೆ ಆ ಪುಡಿ ಸೇರಿ ಲೇಹ್ಯವಾಗಿ ಸ್ಪ್ರಿಂಗನ್ನು ಕಚ್ಚಿ ಹಿಡಿಯುತ್ತದೆ. ಬಿಲ್ಲೆಗೆ ಆ ಕಾಟ ಕಡಿಮೆ. ಅದನ್ನು ಹೋಗುವಾಗಲೂ ಬರುವಾಗಲೂ ಚಾವಿಯೇ ಕೈಹಿಡಿದು ತಿರುಗಿಸುತ್ತದೆ. ಬಡಿದರೆ ಹಾರಲಿಕ್ಕೂ ಅಲ್ಲಿ ಸ್ಪ್ರಿಂಗ್ ಇಲ್ಲ, ಹಾಗಾಗಿ ಕಳ್ಳನ ಹೊಡೆತಕ್ಕೆ ಸುಲಭವಾಗಿ ಜಗ್ಗುವುದಿಲ್ಲ.

“ಹಂಗಾರ ಇದು ಫಾರಿನ್ ಮಾಲಾ?” ಮುತ್ಯಾನ ದನಿಯಲ್ಲಿ ಹಿಗ್ಗು.

ಉಸ್ತಾದರು ಅಯಸ್ಕಾಂತ ಆಡಿಸುತ್ತಾರೆ. ಬಿಲ್ಲೆಗಳು ಅಂಟುವುದಿಲ್ಲ, ಹಿತ್ತಾಳೆ. ಕೊಂಡಿಯ ಮೇಲೆ ಅರ ಎಳೆಯುತ್ತಾರೆ. ಅರ ಗಾಜಿನ ಮೇಲೆ ಜಾರಿದಂತೆ ಜಾರುತ್ತದೆ, ಗೀರು ಬೀಳುವುದಿಲ್ಲ. ಹದ ಕೊಟ್ಟ ಉಕ್ಕು.

“ಜಾತಿ ಹೇಳ್ತೀನಿ ಮುತ್ಯಾ, ಮನೆತನ ಹೇಳಂಗಿಲ್ಲ. ಈ ನಮೂನಿ ಕೀಲಿ ಈಗ ಭಾಳ ಮಂದಿ ಮಾಡ್ತಾರ.”

ಗೊತ್ತಿದ್ದಷ್ಟಕ್ಕೇ ನಿಲ್ಲುವ ಆ ಮಾತಿಗೆ ನನ್ನ ಪೂರ್ತಿ ಗೌರವವಿದೆ. ಒಂದು ಹೆಸರು ಹೇಳಿ ಮುತ್ಯಾನನ್ನು ಖುಷಿಪಡಿಸುವುದು ಕಷ್ಟವಿರಲಿಲ್ಲ.

ಈಗ ಕೂಡಿಸುವ ಕೆಲಸ. ಚಾವಿಯನ್ನು ನೆಟ್ಟಗೆ ಹಿಡಿದು ಬಿಲ್ಲೆಗಳನ್ನು ಒಂದೊಂದಾಗಿ ಏರಿಸುತ್ತಾರೆ, ಆ ಜಾಗದ ಓರೆ ಗಾಯಕ್ಕೆ ತಾಗುವವರೆಗೆ ತಿರುಗಿಸುತ್ತಾರೆ. ಕಚ್ಚು ಗೆರೆಗೆ ಬಂದರೆ ಅದು ಅಲ್ಲಿಯದೇ. ಬಾರದಿದ್ದರೆ ಇಳಿಸಿ ಮತ್ತೊಂದು. ಒಂಬತ್ತು ಬಿಲ್ಲೆ ಸಾಲು ಹಿಡಿಯುವ ಹೊತ್ತಿಗೆ ಎರಡು ಚಹಾ ಮುಗಿದಿವೆ. ನಡುನಡುವೆ ಹಾಕುವ ತೆಳ್ಳನೆ ವಾಶರ್ ಎಂಟು ಬೇಕು. ಫರಸಿಯ ಮೇಲೆ ಏಳೇ ಇವೆ.

ಉಸ್ತಾದರು ಡಬ್ಬಿ ಬೋರಲು ಹಾಕಿ ತಟ್ಟುತ್ತಾರೆ. ಇಲ್ಲ. ಮುತ್ಯಾ ಫೋನ್ ಹಚ್ಚಿ ಮನೆಯವರಿಗೆ ಹೊರಸಿನ ಕೆಳಗೆ ಕಸ ಗುಡಿಸಿ ನೋಡಲು ಹೇಳುತ್ತಿದ್ದಾರೆ.

ನಿಮ್ಮ ಮನೆಯ ಹಳೆಯ ಕೀಲಿಯನ್ನೂ ಯಾರಾದರೂ ಬಿಚ್ಚಲು ಹೊರಟರೆ ಮೊದಲು ಕೆಳಗೆ ಬಿಳಿ ಬಟ್ಟೆ ಹಾಸಲು ಹೇಳಿ. ಬಿಲ್ಲೆ ಬಂದರೆ, ಬಂದ ಕ್ರಮದಲ್ಲೇ ವಾಶರ್ ಸಮೇತ ಒಂದು ದಾರಕ್ಕೆ ಪೋಣಿಸಿ, ಎರಡೂ ತುದಿ ಗಂಟು ಹಾಕಿ, ಚಾವಿಯ ಜೊತೆಗೇ ತನ್ನಿ.