ನಟ್ಟು ಅಡಗಿದ ಚೌಕ

ಭಾನುವಾರ ಮಧ್ಯಾಹ್ನ ಗೋವಾದ ಕುಂಡಯಿಯ ನಮ್ಮ ಬಾಡಿಗೆ ಕೋಣೆಯಲ್ಲಿ ಜಗಳ ಹತ್ತಿದ್ದು ಒಂದು 12 ಎಂಎಂ ನಟ್ಟಿನಿಂದ. ಆಟದಲ್ಲಿ ಆ ನಟ್ಟು ನಾನು. ಅಂದರೆ ಚೂರಿ ಹಿಡಿದು ಹೆಂಡದ ಪೀಪಾಯಿಯ ಹಿಂದೆ ಕುಕ್ಕರಗಾಲಲ್ಲಿ ಕೂತ ಕಳ್ಳ. ಸೋಡಾ ಬಾಟಲಿಯ ಮುಚ್ಚಳ ರಾಕ್ಷಸ. ರಟ್ಟಿನ ಪೆಟ್ಟಿಗೆ ಬಿಚ್ಚಿ ಒಳಮೈಗೆ ಸ್ಕೆಚ್ ಪೆನ್ನಿನಲ್ಲಿ ಚೌಕ ಎಳೆದದ್ದು ರಣರಂಗ. ಇಪ್ಪತ್ತು ಮುಖದ ದಾಳದಲ್ಲಿ ಅಡಗಲು ನನಗೆ 17 ಬಿದ್ದಿತ್ತು. ರಾಕ್ಷಸನ ಕಣ್ಣು-ಕಿವಿಗೆ ಪುಸ್ತಕ ಕೊಟ್ಟ ಅಂಕ ಬರೀ 8. ಆದರೂ ಮುಂದಿನ ಸರದಿಗೆ ಮುಚ್ಚಳ ಆರು ಚೌಕ ದಾಟಿ ನೆಟ್ಟಗೆ ಬಂದು ನನ್ನ ಮಗ್ಗುಲಲ್ಲೇ ನಿಂತಿತು.

"ಮಾಸ್ತರ, ನಾ ಇಲ್ಲಿ ಅದೀನಿ ಅಂತ ಅವಂಗ ಹೆಂಗ ಗೊತ್ತಾತು?"

"ಹುಡುಕ್ಕೋತ ಬಂದಾನ."

"ಮತ್ತ ಬಾವಿ ಕಡೆ ಯಾಕ ಹೋಗಲಿಲ್ಲ?"

ಆಟ ನಡೆಸುವ ಡಂಜನ್ ಮಾಸ್ಟರ್ ನಮ್ಮ ಬಾಯಲ್ಲಿ ಸವೆದು ಮಾಸ್ತರ ಆಗಿದ್ದಾನೆ. ಗದಗಿನವ, ಇಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮೆಂಟೆನೆನ್ಸು. ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಹಿಡಿದ ಈ ಚಟವನ್ನು ನಮಗೂ ಅಂಟಿಸಿದ. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ ಈ ಆಟವನ್ನು 1974ರಲ್ಲಿ ಹೊರತಂದವರು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ನಾವು ಆಡುವುದು 2014ರ ಐದನೆಯ ಆವೃತ್ತಿ. ಅದರಲ್ಲಿ ಕಾಣದಿರುವುದು ಬೇರೆ, ಅಡಗುವುದು ಬೇರೆ. ಮಂತ್ರ ಹಾಕಿ ಮಾಯವಾದವನ ಕಾಲಸಪ್ಪಳ ಕೇಳುತ್ತದೆ, ಕೆಸರಲ್ಲಿ ಹೆಜ್ಜೆ ಮೂಡುತ್ತದೆ. ಅವನಿರುವ ಕಡೆ ಕತ್ತಿ ಬೀಸಬಹುದು, ದಾಳ ಎರಡು ಸಲ ಉರುಳಿಸಿ ಕಡಿಮೆ ಬಿದ್ದದ್ದನ್ನು ಹಿಡಿಯಬೇಕು, ಅಷ್ಟೇ. ಅಡಗಿದವನ ಜಾಗವೇ ಗೊತ್ತಿರುವುದಿಲ್ಲ. ಊಹಿಸಿದ ಚೌಕ ತಪ್ಪಿದರೆ ಏಟು ಗಾಳಿಗೆ.

ಈ ವ್ಯತ್ಯಾಸ ನನಗೆ ಪುಸ್ತಕಕ್ಕಿಂತ ಮೊದಲು ಕಲಿಸಿದ್ದು ರಾತ್ರಿ ಪಾಳಿ. ಪ್ಯಾಲೆಟ್ಟುಗಳ ಹಿಂದೆ ಚೀಲ ಹಾಸಿ ಮಲಗಿದ್ದೆ. ಯಾವ ಕಡೆಯಿಂದ ನೋಡಿದರೂ ಕಾಣುತ್ತಿರಲಿಲ್ಲ. ಸೂಪರ್‌ವೈಸರ್ ಗೊರಕೆ ಹಿಡಿದುಕೊಂಡು ಬಂದ. ರನ್ನನ ದುರ್ಯೋಧನನ ಪಾಡೂ ಹೆಚ್ಚುಕಡಿಮೆ ಇದೇ. ಸರೋವರದ ತಳದಲ್ಲಿ ಯಾರಿಗೂ ಕಾಣದಂತಿದ್ದ, ಭೀಮನ ಬೈಗುಳ ನೀರಿಗಿಳಿದು ಅವನನ್ನು ಮೇಲೆತ್ತಿತು. ಗೊರಕೆಯಾದರೆ ನಿದ್ದೆಯದು ಅನ್ನಬಹುದು, ರೋಷಕ್ಕೆ ಏನು ನೆವ ಹೇಳುವುದು?

ನಮ್ಮ ಜಗಳದ ಬೇರು ಮಾತ್ರ ಬೇರೆ ಕಡೆ ಇತ್ತು. ರಾಕ್ಷಸನಿಗೆ ಕಾಣದ ನಟ್ಟು ರಾಕ್ಷಸನನ್ನು ನಡೆಸುವ ಮಾಸ್ತರನ ಮೂಗಿನ ಕೆಳಗೇ ಹೊಳೆಯುತ್ತಿತ್ತು. ಇದು ಪ್ರಷ್ಯಾದ ಸೈನ್ಯವನ್ನೂ ಕಾಡಿದ ತೊಡಕು. ತನ್ನಪ್ಪ ಶುರುಮಾಡಿದ್ದ ಯುದ್ಧದಾಟವನ್ನು ತಿದ್ದಿ 1824ರಲ್ಲಿ ನಿಯಮಗಳ ಪುಸ್ತಕ ತಂದ ಅಧಿಕಾರಿ ಫಾನ್ ರೈಸ್‌ವಿಟ್ಜ್ ನಡುವೆ ಒಬ್ಬ ಪಂಚನನ್ನು ಕೂರಿಸಿದ. ಎರಡೂ ಪಕ್ಷದವರು ಆಜ್ಞೆ ಬರೆದು ಅವನಿಗೆ ಕೊಡಬೇಕು. ಎದುರಾಳಿಗೆ ಕಾಣುವಂತಿದ್ದರೆ ಮಾತ್ರ ಆ ದಂಡು ನಕ್ಷೆಯ ಮೇಲೆ ಬರುತ್ತದೆ, ಗುಡ್ಡದ ಹಿಂದಿನದು ಪಂಚನ ತಲೆಯಲ್ಲೇ ಇರುತ್ತದೆ. ನಮ್ಮ ಮಾಸ್ತರ ಅದೇ ಪಂಚನ ಮರಿಮಗ, ಆದರೆ ಪಾಪ, ರಾಕ್ಷಸನೂ ಅವನೇ.

ಅಡಗುವುದೆಂದರೆ ಪೂರಾ ಇಲ್ಲವಾಗುವುದಲ್ಲ, ಯಾರಾದರೊಬ್ಬರಿಗೆ ಜಾಗ ಗೊತ್ತಿರಲೇಬೇಕು. 1560ರಲ್ಲಿ ಕುಶಸ್ಥಳಿಯ ಮಂಗೇಶನನ್ನು ಭಕ್ತರು ಪೋರ್ತುಗೀಜರ ಕಣ್ಣು ತಪ್ಪಿಸಿ ಜುವಾರಿ ನದಿ ದಾಟಿಸಿ ನಮ್ಮ ಪಕ್ಕದ ಪ್ರಿಯೋಳಕ್ಕೆ ತಂದರು. ಆಗ ಈ ಕಡೆ ಆದಿಲಶಾಹಿ, ಬಾಣಸ್ತಾರಿಯ ಆಚೆ ಪೋರ್ತುಗೀಜರು, ನಡುವೆ ಕುಂಭಾರಜುವೆ ಕಾಲುವೆ. ಶತ್ರು ಈಜಿ ಬಾರದಿರಲೆಂದು ಅದರಲ್ಲಿ ಮೊಸಳೆ ಬಿಟ್ಟರೆಂದು ಕತೆ. ಬಿಟ್ಟವರು ಯಾರೆಂಬುದು ಕತೆ ಹೇಳುವವರ ಮೇಲೆ ಹೋಗುತ್ತದೆ. ಮೊಸಳೆಗಳಂತೂ ಈಗಲೂ ಇವೆ. ಒಮ್ಮೆ ದಂಡೆಯಲ್ಲಿ ನಿಂತು ಕಾಲು ಗಂಟೆ ಒಂದು ಮರದ ತುಂಡನ್ನು ನೋಡಿದ್ದೆ. ನೀರಿನ ಮೇಲೆ ಎರಡು ಗುಬುಟು, ಹಿಂದೆ ಒಂದಿಷ್ಟು ತೊಗಟೆ. ನೀರು ಸಮುದ್ರದ ಕಡೆ ಇಳಿಯುತ್ತಿತ್ತು, ತುಂಡು ಮಾತ್ರ ಇದ್ದಲ್ಲೇ ಇತ್ತು. ಆಮೇಲೆ ಒಂದು ಗುಬುಟು ಕಣ್ಣು ಮಿಟುಕಿಸಿತು. ಸುತ್ತಲಿನ ಕೆಲವು ಹಳ್ಳಿಗಳಲ್ಲಿ ಪುಷ್ಯದ ಅಮಾವಾಸ್ಯೆಗೆ ಗದ್ದೆಯ ಕೆಸರಿನಿಂದ ಮೊಸಳೆ ಮಾಡಿ ಪೂಜಿಸುತ್ತಾರೆ. ಆ ಮೊಸಳೆ ಎಲ್ಲರಿಗೂ ಕಾಣುವಂತೆ ಮಲಗಿರುತ್ತದೆ.

ಜಗಳ ಮುಗಿಸಲು ಒಂದು ಉಪಾಯ ಹೂಡಿದೆವು. ಅಡಗಿದ ಮೇಲೆ ನಟ್ಟನ್ನು ರಟ್ಟಿನಿಂದ ತೆಗೆಯುವುದು, ಚೌಕದ ನಂಬರನ್ನು ಚೀಟಿಯಲ್ಲಿ ಬರೆದು ಚಹಾದ ಲೋಟದ ಕೆಳಗಿಡುವುದು. ರಾಕ್ಷಸ ಎಲ್ಲಿ ಹುಡುಕಬೇಕೆಂಬುದು ದಾಳಕ್ಕೆ ಬಿಟ್ಟದ್ದು. ಮುಂದಿನ ಭಾನುವಾರ ಮುಚ್ಚಳ ಬಾವಿ, ಲಾಯ, ಮೆಟ್ಟಿಲು ಎಲ್ಲ ತಡಕಾಡುತ್ತಿರುವಾಗಲೇ ಮಾಸ್ತರನಿಗೆ ಮೋಟಾರು ಸುಟ್ಟಿದೆಯೆಂದು ಫೋನು ಬಂತು. ಆಟ ಅಲ್ಲಿಗೇ ನಿಂತಿತು.

ವಾರ ಬಿಟ್ಟು ಲೋಟ ಎತ್ತಿದರೆ ಚೀಟಿ ಚಹಾ ಕುಡಿದು ಕೆಂಪಾಗಿತ್ತು. ಶಾಯಿ ಹರಡಿ ನಂಬರು ಕರಗಿತ್ತು. ಬರೆದದ್ದೇನೆಂದು ನನಗೂ ನೆನಪಿಲ್ಲ. ಮಾಸ್ತರ ಚೀಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಈಗ ನೋಡಪಾ, ನೀ ಖರೇನ ಅಡಗಿದಿ."