ಮುಗಿಯದ ಮಣೆ

ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದ ಎರಡು ಅರ್ಥಗಳನ್ನು ಹೊತ್ತು ತಿಣುಕುತ್ತದೆ. ಕನ್ನಡಕ್ಕೆ ಆ ತೊಂದರೆಯಿಲ್ಲ. ದುಡ್ಡು ಕೊಡಬೇಕಿಲ್ಲದ್ದನ್ನು ನಾವು ಉಚಿತ ಎನ್ನುತ್ತೇವೆ. ತೆರೆದು ನೋಡಲು, ತಿದ್ದಲು, ತಿದ್ದಿದ್ದನ್ನು ನೆರೆಯವರಿಗೆ ಹಂಚಲು ಯಾರ ಅಪ್ಪಣೆಯೂ ಬೇಕಿಲ್ಲದ್ದನ್ನು ಮುಕ್ತ ಎನ್ನುತ್ತೇವೆ. ನಮ್ಮ ಮಕ್ಕಳ ಕೈಯಲ್ಲಿರುವ ಫೋನುಗಳ ತುಂಬ ಉಚಿತ ಆಟಗಳಿವೆ. ಮುಕ್ತವಾದ ಆಟ ಅಪರೂಪ. ಲೆಕ್ಕ ಮಾಡುವ, ಪತ್ರ ಬರೆಯುವ, ಚಿತ್ರ ತಿದ್ದುವ ಮುಕ್ತ ತಂತ್ರಾಂಶಗಳು ಇಷ್ಟೊಂದು ಇರುವಾಗ ಆಟಗಳೇಕೆ ಇಷ್ಟು ಕಡಿಮೆ? ಈ ಪ್ರಶ್ನೆಯೊಂದಿಗೆ ನಾನು 2020ರಿಂದ ಬದುಕುತ್ತಿದ್ದೇನೆ. ಆ ವರ್ಷ ನಾವು ಐದು ಮಂದಿ ಸೇರಿ ಅಳಗುಳಿಮಣೆಯನ್ನು ಒಂದು ಮುಕ್ತ ವಿಡಿಯೊ ಗೇಮ್ ಆಗಿ ಕಟ್ಟಲು ಹೊರಟೆವು.

ಪುಣೆಯಲ್ಲಿ ನಾನು, ಹೈದರಾಬಾದಿನಲ್ಲಿ ನನ್ನಂತೆಯೇ ತಂತ್ರಾಂಶದ ಕೆಲಸದಲ್ಲಿರುವ ಗೆಳೆಯ, ಡೊಂಬಿವಲಿಯಲ್ಲಿ ಒಬ್ಬ ಚಿತ್ರಕಲಾವಿದೆ, ಚೆನ್ನೈಯಲ್ಲಿ ನಿವೃತ್ತ ಕನ್ನಡ ಅಧ್ಯಾಪಕಿ, ದೆಹಲಿಯಲ್ಲಿ ಸಂಗೀತದ ಹುಚ್ಚಿನ ಒಬ್ಬ ವಿದ್ಯಾರ್ಥಿ. ಲಾಕ್‌ಡೌನ್ ಕಾಲದ ಭಾನುವಾರಗಳಲ್ಲಿ ಫೋನಿನಲ್ಲೇ ಸೇರುತ್ತಿದ್ದೆವು. ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಮನೆಯ ಹಿರಿಯರೊಡನೆ ಆಡಲು ಒಂದು ಆಟ ಬೇಕು, ಅದರ ಮಾತು ಕನ್ನಡದಲ್ಲಿರಬೇಕು, ನಡುವೆ ಜಾಹೀರಾತು ನುಗ್ಗಬಾರದು: ನಮ್ಮ ಆಸೆ ಇಷ್ಟೇ ಆಗಿತ್ತು. ಎರಡು ಸಾಲಿನಲ್ಲಿ ಏಳೇಳು ಗುಳಿ, ಒಂದಿಷ್ಟು ಬೀಜ. ಇದರಲ್ಲಿ ಕಷ್ಟವೇನಿದ್ದೀತು ಎಂದು ನಮ್ಮ ಬಂಧುಗಳೂ ಕೇಳಿದ್ದರು.

ನಿಜಕ್ಕೂ ಆಟದ ತರ್ಕ ಸುಲಭವಾಗಿತ್ತು. ಒಂದು ಗುಳಿಯ ಬೀಜಗಳನ್ನು ತೆಗೆದು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುವುದು. ಕೈ ಬರಿದಾದಾಗ ಮುಂದಿನ ಗುಳಿಯಿಂದ ಎತ್ತಿಕೊಂಡು ಮುಂದುವರಿಯುವುದು. ಮುಂದಿನದು ಬರಿಗುಳಿಯಾಗಿದ್ದರೆ ಅದರಾಚೆಯದನ್ನು ಗೆದ್ದುಕೊಳ್ಳುವುದು. ಹೈದರಾಬಾದಿನ ಗೆಳೆಯ ಎರಡು ವಾರಾಂತ್ಯಗಳಲ್ಲಿ ಇಷ್ಟನ್ನೂ ಬರೆದು ಮುಗಿಸಿದ. ಮುಕ್ತ ಆಟವೆಂದರೆ ಕೋಡ್ ಎಂದು ತಿಳಿದವರಿಗೆ ಅಲ್ಲಿಗೆ ಆಟ ಮುಗಿದಂತೆ. ತೊಡಕುಗಳು ಶುರುವಾದದ್ದು ಅಲ್ಲಿಂದ ಮುಂದೆ.

ಮೊದಲನೆಯದು ಅಕ್ಷರ. ನಾವು ಬಳಸಿದ್ದು ಗೋಡೋ ಎಂಬ ಮುಕ್ತ ಗೇಮ್ ಎಂಜಿನ್. ಅದರ ಮೂರನೆಯ ಆವೃತ್ತಿಗೆ ಭಾರತೀಯ ಲಿಪಿಗಳ ಜೋಡಣೆ ತಿಳಿಯದು. ‘ಗೆದ್ದಿರಿ’ ಎಂದು ಬರೆದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತಿತ್ತು. ಗುಡಿಸು ತನ್ನ ಅಕ್ಷರ ಬಿಟ್ಟು ಆಚೆ ತೇಲುತ್ತಿತ್ತು. ಬೇರೆ ದಾರಿಯಿಲ್ಲದೆ ಇನ್ನೂರಕ್ಕೂ ಹೆಚ್ಚು ಪದಗಳನ್ನು ಒಂದೊಂದಾಗಿ ಚಿತ್ರವಾಗಿಸಿ ಅಂಟಿಸಿದೆವು. ಒಂದು ಪದ ಬದಲಾದರೆ ಮತ್ತೆ ಒಂದು ಚಿತ್ರ. 2023ರ ಮಾರ್ಚ್‌ನಲ್ಲಿ ಗೋಡೋ 4.0 ಬಂದಾಗ ಹಾರ್ಫ್‌ಬಝ್ ಎಂಬ ಮುಕ್ತ ಲಿಪಿಜೋಡಣಾ ತಂತ್ರಾಂಶ ಅದರೊಳಗೆ ಸೇರಿತ್ತು. ಮುಂಬೈಯ ಏಕ್ ಟೈಪ್ ತಂಡ ರೂಪಿಸಿ ಮುಕ್ತವಾಗಿ ಕೊಟ್ಟಿರುವ ‘ಬಾಲೂ ತಮ್ಮ’ ಫಾಂಟಿನಲ್ಲಿ ನಮ್ಮ ಮಾತುಗಳು ಮೊದಲ ಸಲ ನೆಟ್ಟಗೆ ಮೂಡಿದವು. ಯಾರೋ ಎಲ್ಲೋ ಸಂಬಳವಿಲ್ಲದೆಯೂ ಮಾಡಿಟ್ಟ ಕೆಲಸ ನಮ್ಮ ಪರದೆಗೆ ಕನ್ನಡ ತಂದಿತು ಎಂಬ ಸಂತೋಷ ಒಂದು ಕಡೆ. ಎಂಜಿನ್ ಬದಲಾದ್ದರಿಂದ ಕೋಡಿನ ಬಹುಪಾಲನ್ನು ಮತ್ತೆ ಬರೆಯಬೇಕಾದ ದಣಿವು ಇನ್ನೊಂದು ಕಡೆ. ಮುಕ್ತ ತಂತ್ರಾಂಶದಲ್ಲಿ ಈ ಎರಡೂ ಜೊತೆಯಾಗಿಯೇ ಬರುತ್ತವೆ.

ಭಾಷೆಯೂ ತನ್ನ ಪ್ರಶ್ನೆ ಕೇಳಿತು. ಆಡುವವರು ಹುಡುಗನೋ ಹುಡುಗಿಯೋ ಎಂಬುದು ಯಂತ್ರಕ್ಕೆ ಗೊತ್ತಿಲ್ಲ. ‘ಗೆದ್ದನು’ ಎನ್ನಬೇಕೋ ‘ಗೆದ್ದಳು’ ಎನ್ನಬೇಕೋ? ಎಲ್ಲರಿಗೂ ‘ಗೆದ್ದರು’ ಎಂದುಬಿಡೋಣ ಎಂದೆ. “ಆರು ವರ್ಷದ ಪೋರನಿಗೂ ಬಹುವಚನವೇನಪ್ಪಾ?” ಎಂದು ಚೆನ್ನೈಯ ಮೇಡಂ ನಕ್ಕರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇರಲಿ ಬಿಡು, ಗೆದ್ದಾಗಲಾದರೂ ಮಕ್ಕಳಿಗೆ ಮರ್ಯಾದೆ ಸಿಗಲಿ” ಎಂದರು. ಹಾಗೆಯೇ ಉಳಿಯಿತು.

ಎರಡನೆಯದು ಚಿತ್ರ ಮತ್ತು ಸದ್ದು. ಕೋಡಿನಲ್ಲಿ ಹಂಚಿಕೊಳ್ಳುವ ಸಂಪ್ರದಾಯ ಹಳೆಯದು. ಕಲಾವಿದರ ಲೋಕದಲ್ಲಿ ಅದು ಅಷ್ಟು ಬೇರೂರಿಲ್ಲ, ಊರಬೇಕೆಂದು ಒತ್ತಾಯಿಸುವುದೂ ನ್ಯಾಯವಲ್ಲ. ಬರೆದ ಕೋಡನ್ನು ನೌಕರಿಯ ಸಂಬಳ ಪೋಷಿಸುತ್ತದೆ. ಬರೆದ ಚಿತ್ರವೇ ಕಲಾವಿದೆಯ ಅನ್ನ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಸದ್ದುಗಳಲ್ಲಿ ಎಷ್ಟೋ ‘ವಾಣಿಜ್ಯ ಬಳಕೆಗೆ ಇಲ್ಲ’ ಎಂಬ ಷರತ್ತಿನವು. ಆ ಷರತ್ತು ಇದ್ದರೆ ಡೆಬಿಯನ್‌ನಂಥ ಸಮುದಾಯಗಳು ಅದನ್ನು ಮುಕ್ತವೆಂದು ಒಪ್ಪುವುದಿಲ್ಲ. ಈ ತೊಡಕು ನಮ್ಮದು ಮಾತ್ರವಲ್ಲ. ಸಾರಿಗೆ ಸಂಸ್ಥೆ ನಡೆಸುವ ಓಪನ್‌ಟಿಟಿಡಿ ಎಂಬ ಪ್ರಸಿದ್ಧ ಆಟದ ಕೋಡ್ 2004ರಲ್ಲೇ ಮುಕ್ತವಾಗಿ ಬಂತು. ಆದರೆ ಆಡಲು ಹಳೆಯ ವಾಣಿಜ್ಯ ಆಟದ ಚಿತ್ರಗಳೇ ಬೇಕಿದ್ದವು. ಸ್ವಯಂಸೇವಕರು ಪ್ರತಿ ರೈಲು, ಪ್ರತಿ ಮರ, ಪ್ರತಿ ಮನೆಯನ್ನು ಹೊಸದಾಗಿ ಬರೆದು, 2010ರ 1.0 ಆವೃತ್ತಿಯ ಹೊತ್ತಿಗೆ ಆ ಹಂಗು ಕಳಚಿದರು. ನಮ್ಮ ದೆಹಲಿಯ ಹುಡುಗ ಹುಣಸೆಬೀಜ ಮರದ ಗುಳಿಗೆ ಬೀಳುವ ಸದ್ದನ್ನು ತಾನೇ ಧ್ವನಿಮುದ್ರಿಸಿದ. ಬಸ್ಸಿನ ಸದ್ದು ನುಸುಳದಿರಲೆಂದು ರಾತ್ರಿ ಎರಡು ಗಂಟೆಗೆ, ಕಂಬಳಿ ಹೊದ್ದು.

ಮೂರನೆಯ ತೊಡಕನ್ನು ನಾವು ನಿರೀಕ್ಷಿಸಿಯೇ ಇರಲಿಲ್ಲ. ಯಾರ ನಿಯಮ ಸರಿ? ಗೆಳೆಯನ ಮನೆಯಲ್ಲಿ ಗುಳಿಗೆ ನಾಲ್ಕು ಬೀಜ, ನಮ್ಮಲ್ಲಿ ಐದು. ಕಲಾವಿದೆಯ ತಾಯಿಯ ಆಟದಲ್ಲಿ ಹಂಚುವಾಗ ಯಾವುದೇ ಗುಳಿಯಲ್ಲಿ ನಾಲ್ಕು ಕೂಡಿದರೆ ತಕ್ಷಣ ಎತ್ತಿಕೊಳ್ಳಬಹುದು, ನಮ್ಮಲ್ಲಿ ಕೂಡದು. ಕರಾವಳಿಯವರು ಚೆನ್ನೆಮಣೆ ಎಂದು ಹೆಸರನ್ನೇ ಬದಲಿಸಿದರು. 2021ರಲ್ಲಿ ಮೇಡಂ ಸಾಗರದಲ್ಲಿದ್ದ ನನ್ನ ಸೋದರತ್ತೆಗೆ ಫೋನ್ ಮಾಡಿ, ಮೂರು ಮಧ್ಯಾಹ್ನ ಕೂತು ಅವರ ಆಟವನ್ನು ಬರೆದುಕೊಂಡರು. ಮೈಸೂರಿನ ಕಡೆಯ ಹಿರಿಯರೊಬ್ಬರಿಗೆ ಅದನ್ನು ಓದಿ ಹೇಳಿದರೆ, “ಇದು ತಪ್ಪು ಆಟ” ಎಂದರಂತೆ. ಮೇಡಂ ಕೆರಳಿದರು: “ಸಾಗರದ ಆಟಕ್ಕೆ ಮೈಸೂರಿನವರು ಪರೀಕ್ಷಕರೇ?”

ಎರಡು ತಿಂಗಳು ಕೆಲಸ ನಿಂತಿತು. ದಾರಿ ತೋರಿದ್ದು ಇನ್ನೊಂದು ಮುಕ್ತ ಆಟ. ಡೇವಿಡ್ ವೈಟ್ ಎಂಬುವರು 2003ರಲ್ಲಿ ಆರಂಭಿಸಿದ ‘ಬ್ಯಾಟಲ್ ಫಾರ್ ವೆಸ್‌ನಾತ್’ ಷಟ್ಕೋನದ ಮನೆಗಳ ಮೇಲೆ ಸರದಿಯಂತೆ ಆಡುವ ಯುದ್ಧದಾಟ. ಎರಡು ದಶಕ ಕಳೆದರೂ ಅದು ಬೆಳೆಯುತ್ತಲೇ ಇದೆ. ಅದರಲ್ಲಿ ಕಥೆ, ಪಾತ್ರ, ಯುದ್ಧಭೂಮಿಗಳ ವಿವರವೆಲ್ಲ ಕೋಡಿನ ಹೊರಗೆ, ಸರಳ ಪಠ್ಯದ ಕಡತಗಳಲ್ಲಿರುತ್ತದೆ. ಪ್ರೋಗ್ರಾಮಿಂಗ್ ಬಾರದವರೂ ಅದನ್ನು ಓದಿ, ತಿದ್ದಿ, ತಮ್ಮದೇ ಕಥಾಸರಣಿ ಬರೆದು ಇತರರಿಗೆ ಹಂಚಬಹುದು. ಒಳಗೆ ಬರಲು ತಗ್ಗಿನ ಬಾಗಿಲೊಂದನ್ನು ಇಟ್ಟದ್ದರಿಂದಲೇ ಅಲ್ಲಿ ಅಷ್ಟು ಜನ ಸೇರಿದರೆಂದು ನನಗನ್ನಿಸುತ್ತದೆ. ನಾವೂ ನಿಯಮಗಳನ್ನು ಕೋಡಿನಿಂದ ಹೊರತೆಗೆದೆವು. ಎಷ್ಟು ಗುಳಿ, ಎಷ್ಟು ಬೀಜ, ಯಾವಾಗ ಎತ್ತುವುದು, ಯಾವಾಗ ನಿಲ್ಲುವುದು ಎಂಬುದಕ್ಕೆ ಒಂದೊಂದು ಮನೆಗೆ ಒಂದೊಂದು ಪುಟ್ಟ ಕಡತ. ಅದರ ತಲೆಯ ಮೇಲೆ ಊರಿನ ಹೆಸರು, ಹೇಳಿದವರ ಹೆಸರು. ‘ಸರಿಯಾದ ಆಟ’ ಎಂಬ ಕಡತ ಇಲ್ಲ. ಈಗ ಹತ್ತೊಂಬತ್ತು ಕಡತಗಳಿವೆ. ಸಾಗರದ ಕಡತದಲ್ಲಿ ನನ್ನ ಸೋದರತ್ತೆಯ ಹೆಸರಿದೆ. 2022ರಲ್ಲಿ ಅವರು ತೀರಿಕೊಂಡರು. ಆ ನಿಯಮಗಳು ಬೇರೆಲ್ಲೂ ಬರಹದಲ್ಲಿಲ್ಲ.

ನಾಲ್ಕನೆಯದು ಕಾಲ. ಅರ್ಧ ಸಿದ್ಧವಾದ ಬರಹದ ತಂತ್ರಾಂಶದಿಂದ ಒಂದು ಪತ್ರವನ್ನಾದರೂ ಬರೆಯಬಹುದು. ಅರ್ಧ ಸಿದ್ಧವಾದ ಆಟದಿಂದ ಅರ್ಧ ಸಂತೋಷವೂ ಸಿಗದು. ಚಿತ್ರ, ಸದ್ದು, ವೇಗ, ಮಾತು ಎಲ್ಲವೂ ಒಂದು ಮಟ್ಟ ಮುಟ್ಟುವವರೆಗೆ ಮಗು ಅದನ್ನು ಎರಡನೆಯ ಸಲ ತೆರೆಯುವುದಿಲ್ಲ. ಬಿಡುವಿನ ವೇಳೆಯಲ್ಲಿ ದುಡಿಯುವವರಿಗೆ ಆ ಮಟ್ಟ ಬಹಳ ದೂರ. ಪ್ರಾಚೀನ ಸಾಮ್ರಾಜ್ಯಗಳನ್ನು ಕಟ್ಟುವ ‘0 ಎ.ಡಿ.’ ಎಂಬ ಆಟದ ಕನಸು 2001ರದ್ದು. 2009ರಲ್ಲಿ ಅದರ ಕೋಡ್ ಮುಕ್ತವಾಯಿತು. 2013ರಲ್ಲಿ ಪೂರ್ಣಾವಧಿ ಕೆಲಸಗಾರರಿಗಾಗಿ 1,60,000 ಡಾಲರ್ ದೇಣಿಗೆ ಕೇಳಿದಾಗ ಕೂಡಿದ್ದು ಸುಮಾರು 33 ಸಾವಿರ. 2010ರ ಆಗಸ್ಟ್‌ನಲ್ಲಿ ಮೊದಲ ‘ಆಲ್ಫಾ’. 2025ರ ಜನವರಿಯಲ್ಲಿ ಬಂದ ‘ಅಗ್ನಿ’ ಎಂಬ ಹೆಸರಿನ ಇಪ್ಪತ್ತೇಳನೆಯದೂ ಆಲ್ಫಾವೇ, ಎಂದರೆ ಕರಡೇ ಆಗಿತ್ತು. ಆ ಆಟದಲ್ಲಿ ಮೌರ್ಯರೂ ಇದ್ದಾರೆ. ಮಸ್ಕಿ, ಬ್ರಹ್ಮಗಿರಿಗಳ ಬಂಡೆಗಳ ಮೇಲೆ ಅಶೋಕನ ಶಾಸನ ಉಳಿದಿರುವ ನಾಡಿನವನಾದ ನಾನು ಅದನ್ನು ಕುತೂಹಲದಿಂದ ಆಡುತ್ತೇನೆ. ಇಷ್ಟು ವರ್ಷ ಕರಡಾಗಿಯೇ ಉಳಿದ ಕೆಲಸವನ್ನು ಕೈಬಿಡದವರ ಬಗ್ಗೆ ನನಗೆ ಗೌರವವಿದೆ. ಅವರು ಎಷ್ಟು ಭಾನುವಾರಗಳನ್ನು ತೆತ್ತಿರಬಹುದೆಂಬ ಅಂದಾಜೂ ಈಗ ಇದೆ.

2023ರ ಕೊನೆಯಲ್ಲಿ ಮಕ್ಕಳ ಕಲಿಕೆಯ ಆ್ಯಪ್ ಮಾಡುವ ಒಂದು ಸಂಸ್ಥೆ ನಮ್ಮನ್ನು ಸಂಪರ್ಕಿಸಿತು. ಆಟವನ್ನೂ ಅದರ ಹೆಸರನ್ನೂ ಕೊಳ್ಳುತ್ತೇವೆ. ಮುಂದಿನ ಆವೃತ್ತಿಗಳು ಮುಕ್ತವಾಗಿರುವುದಿಲ್ಲ. ಪ್ರತಿ ಸುತ್ತಿನ ನಡುವೆ ಜಾಹೀರಾತು ಇರುತ್ತದೆ. ಗೊಂದಲವಾಗದಂತೆ ಒಂದೇ ನಿಯಮ ಸಾಕು. ಅವರು ಹೇಳಿದ ಮೊತ್ತ ದೊಡ್ಡದೇ ಆಗಿತ್ತು. ನನಗೂ ಗೆಳೆಯನಿಗೂ ಬೇಡ ಎನ್ನುವುದು ಸುಲಭ, ನಮಗೆ ಸಂಬಳವಿದೆ. ಕಲಾವಿದೆಗೆ ಆ ವರ್ಷ ಕೆಲಸ ಕಡಿಮೆಯಾಗಿತ್ತು, ಮನೆಯಲ್ಲಿ ಕಾಯಿಲೆಯಿತ್ತು. “ನಿಮ್ಮ ಆದರ್ಶದ ಬಡ್ಡಿ ನಾನೇ ಕಟ್ಟಬೇಕಾ?” ಎಂದು ಅವರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅದು ಸರಿಯಾದ ಪ್ರಶ್ನೆ.

ಇಂಥದೊಂದು ಒಡಕು ದೊಡ್ಡ ಆಟಗಳಲ್ಲೂ ಆಗಿದೆ. 2005ರಲ್ಲಿ ಬಂದ ನೆಕ್ಸೂಯಿಜ್ ಎಂಬ ಮುಕ್ತ ಶೂಟಿಂಗ್ ಆಟದ ಹೆಸರನ್ನು 2010ರಲ್ಲಿ ಕನ್ಸೋಲ್ ಆವೃತ್ತಿಗಾಗಿ ಒಂದು ಕಂಪನಿಗೆ ಕೊಡಲಾಯಿತು. ಅದಕ್ಕಾಗಿ ದುಡಿದಿದ್ದವರಲ್ಲಿ ಅನೇಕರು ಹೊರನಡೆದು, ಮುಕ್ತವಾಗಿಯೇ ಇದ್ದ ಕೋಡನ್ನು ಹಿಡಿದು ಜೊನೊಟಿಕ್ ಎಂಬ ಹೊಸ ಹೆಸರಿನಲ್ಲಿ ಆಟವನ್ನು ಮುಂದುವರಿಸಿದರು. ಕಂಪನಿಗೆ ಹೋದದ್ದು ಹೆಸರು. ಆಟ ಆಡುವವರಲ್ಲೇ ಉಳಿಯಿತು. ನಮ್ಮಲ್ಲಿ ಎಲ್ಲರ ಕೆಲಸದ ಹಕ್ಕು ಅವರವರಲ್ಲೇ ಇದ್ದುದರಿಂದ ಎಲ್ಲರೂ ಒಪ್ಪದೆ ಮಾರುವಂತಿರಲಿಲ್ಲ. ಮೇಡಂ ಒಪ್ಪಲಿಲ್ಲ. “ಉಳಿದೆಲ್ಲ ಮನೆಯವರ ಹೆಸರು ಅಳಿಸಿ ಒಂದನ್ನು ಉಳಿಸುವುದಾದರೆ ಯಾವುದನ್ನು ಉಳಿಸೋಣ, ಹೇಳಿ” ಎಂದರು. ಮಾತುಕತೆ ಅಲ್ಲಿಗೆ ಮುರಿಯಿತು. ಕಲಾವಿದೆ ಜಗಳವಾಡದೆ, ತಮ್ಮ ಚಿತ್ರಗಳನ್ನು ಬಳಸುತ್ತಿರಿ ಎಂದು ಹೇಳಿ ತಂಡ ಬಿಟ್ಟರು. ಅವರು ಬರೆದ ಮಣೆಯ ಮೇಲೆಯೇ ಇಂದಿಗೂ ಮಕ್ಕಳು ಆಡುತ್ತಾರೆ. ಆಟ ಉಳಿಯಿತೆಂದು ಹೇಳುವಾಗಲೆಲ್ಲ ಈ ಮಾತನ್ನೂ ಸೇರಿಸಿ ಹೇಳಬೇಕೆಂದು ನಾನು ನಿಶ್ಚಯಿಸಿದ್ದೇನೆ.

ಈಗ ಉಳಿದಿರುವುದು ಮೂವರು. ಪ್ಲೇ ಸ್ಟೋರಿನವರು ಹೊಸ ಆಂಡ್ರಾಯ್ಡ್‌ಗೆ ಹೊಂದಿಸಿ ಎಂದು ವರ್ಷ ವರ್ಷ ಎಚ್ಚರಿಸುತ್ತಾರೆ, ಹೊಂದಿಸುತ್ತೇವೆ. ಐಫೋನಿಗೆ ತರಬೇಕಾದರೆ ಆಪಲ್‌ಗೆ ವರ್ಷಕ್ಕೆ 99 ಡಾಲರ್ ಕೊಡಬೇಕು. ಆ ಚರ್ಚೆ ಮುಂದಿನ ಭಾನುವಾರಕ್ಕೆ ಹೋಗುತ್ತಲೇ ಇದೆ. ಆದರೆ ಕಳೆದ ಮಳೆಗಾಲದಲ್ಲಿ ಹೊಸೂರಿನ ಕಡೆಯ ಕಾಲೇಜು ವಿದ್ಯಾರ್ಥಿನಿಯೊಬ್ಬಳು, ನಮ್ಮಲ್ಲಿ ಯಾರನ್ನೂ ಕೇಳದೆ, ತನ್ನ ಅಜ್ಜಿಯ ನಿಯಮವನ್ನು ಕಡತವಾಗಿ ಬರೆದು ಕಳಿಸಿದಳು. ಅದೇ ಹತ್ತೊಂಬತ್ತನೆಯದು. ಕೇಳಬೇಕಾದ ಅಗತ್ಯವೂ ಅವಳಿಗಿರಲಿಲ್ಲ. ಮುಕ್ತ ಆಟದ ಒಡೆಯರು ಯಾರೂ ಅಲ್ಲವಾದ್ದರಿಂದಲೇ ಅದನ್ನು ‘ಮುಗಿಯಿತು’ ಎನ್ನುವ ಅಧಿಕಾರವೂ ಯಾರಿಗೂ ಇಲ್ಲ. ನಮ್ಮನ್ನು ದಣಿಸುವುದೂ ಅದೇ, ಅವಳಿಗೆ ಬಾಗಿಲು ತೆರೆದದ್ದೂ ಅದೇ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಅಳಗುಳಿಮಣೆ ಆಡುತ್ತಿದ್ದ ಹಿರಿಯರು ಇನ್ನೂ ಇದ್ದರೆ, ಒಂದು ಮಧ್ಯಾಹ್ನ ಅವರ ಬಳಿ ಕೂತು ನಿಯಮಗಳನ್ನು ಬರೆದುಕೊಳ್ಳಿ. ಗುಳಿಗೆ ಎಷ್ಟು ಬೀಜ, ಯಾವ ಬೀಜ, ಸೋತವರು ಮುಂದಿನ ಆಟ ಹೇಗೆ ಶುರು ಮಾಡುತ್ತಿದ್ದರು ಎಂದು ಕೇಳಿ. ನಮಗೇ ಕಳಿಸಬೇಕೆಂದಿಲ್ಲ. ಹೇಳಿದವರ ಹೆಸರನ್ನು ಮಾತ್ರ ಮೇಲೆ ಬರೆದಿಡಿ.